ವಿಳಾಸದೊಳಗೊಂದು ವಿಳಾಸ: ರೈಲ್ಸ್‌ನಲ್ಲಿ ನೆಸ್ಟೆಡ್ ರೌಟ್ ಬರೆಯುವುದು ಹೇಗೆ?

ನಗರಸಭೆಗೆ ಬರುವ ದೂರುಗಳನ್ನು ದಾಖಲಿಸುವ ವೆಬ್ ಅಪ್ಲಿಕೇಶನ್ ಒಂದನ್ನು ಕಟ್ಟುತ್ತಿದ್ದೀರಿ ಎಂದುಕೊಳ್ಳಿ. 14ನೇ ವಾರ್ಡಿನ 203ನೇ ದೂರಿಗೆ '/ವಾರ್ಡ್ಸ್/14/ಕಂಪ್ಲೇಂಟ್ಸ್/203' ಎಂಬ ವಿಳಾಸ ಕೊಟ್ಟರೆ ಯಾವ ದೂರು ಎಲ್ಲಿಯದು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಈ ವಿಳಾಸ ಯಾವ ಕಂಟ್ರೋಲರ್‌ನ (ಬಂದ ಕೋರಿಕೆಯನ್ನು ನಿಭಾಯಿಸುವ ಕ್ಲಾಸ್) ಯಾವ ಆ್ಯಕ್ಷನ್‌ಗೆ (ಅದರೊಳಗಿನ ಮೆಥಡ್) ಹೋಗಬೇಕೆಂದು ಹೇಳುವುದೇ ರೌಟ್. ಹೀಗೆ ಒಂದರೊಳಗೆ ಇನ್ನೊಂದು ಬಂದರೆ ಅದು ನೆಸ್ಟೆಡ್ ರೌಟ್. ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ರೂಬಿ ಆನ್ ರೈಲ್ಸ್‌ನಲ್ಲಿ ಅದನ್ನು ಬರೆಯುವುದು ಸುಲಭ. ಬರೆದ ಮೇಲೆ ಎಡವುವವರೇ ಹೆಚ್ಚು. (ಕೋಡ್‌ನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಮೊದಲು ಮಾಡೆಲ್‌ಗಳ (ಡೇಟಾಬೇಸ್ ಟೇಬಲ್‌ಗಳನ್ನು ಪ್ರತಿನಿಧಿಸುವ ಕ್ಲಾಸ್‌ಗಳ) ನಂಟು ಸರಿಯಾಗಿರಲಿ. ಕಂಪ್ಲೇಂಟ್ಸ್ ಟೇಬಲ್‌ನಲ್ಲಿ 'ವಾರ್ಡ್_ಐಡಿ' ಕಾಲಂ ಬೇಕು. ವಾರ್ಡ್ ಮಾಡೆಲ್‌ನಲ್ಲಿ 'ಹ್ಯಾಸ್_ಮೆನಿ', ಕಂಪ್ಲೇಂಟ್ ಮಾಡೆಲ್‌ನಲ್ಲಿ 'ಬಿಲಾಂಗ್ಸ್_ಟು' ಇರಬೇಕು. ಆಮೇಲೆ ಕಾನ್ಫಿಗ್ ಫೋಲ್ಡರ್‌ನ ರೌಟ್ಸ್ ಫೈಲಿನಲ್ಲಿ ಹೀಗೆ ಬರೆಯಿರಿ:

ರಿಸೋರ್ಸಸ್ :ವಾರ್ಡ್ಸ್ ಡೂ
  ರಿಸೋರ್ಸಸ್ :ಕಂಪ್ಲೇಂಟ್ಸ್
ಎಂಡ್

ಟರ್ಮಿನಲ್‌ನಲ್ಲಿ 'ಬಿನ್/ರೈಲ್ಸ್ ರೌಟ್ಸ್ -ಸಿ ಕಂಪ್ಲೇಂಟ್ಸ್' ಎಂದು ಕೊಟ್ಟರೆ ಎಂಟು ಸಾಲು ಬರುತ್ತವೆ. ಆ್ಯಕ್ಷನ್‌ಗಳು ಏಳೇ: ಇಂಡೆಕ್ಸ್, ನ್ಯೂ, ಕ್ರಿಯೇಟ್, ಶೋ, ಎಡಿಟ್, ಅಪ್‌ಡೇಟ್, ಡೆಸ್ಟ್ರಾಯ್. ಅಪ್‌ಡೇಟ್‌ಗೆ ಪ್ಯಾಚ್ ಮತ್ತು ಪುಟ್ ಎರಡೂ ಇರುವುದರಿಂದ ಒಂದು ಸಾಲು ಜಾಸ್ತಿ. ವಿಳಾಸದ ಕಾಲಂ ಗಮನಿಸಿ: 14 ಎಂಬುದು ಕಂಟ್ರೋಲರ್‌ಗೆ ತಲುಪುವುದು 'ವಾರ್ಡ್_ಐಡಿ' ಹೆಸರಿನಲ್ಲಿ, 203 ತಲುಪುವುದು ಬರೀ 'ಐಡಿ' ಹೆಸರಿನಲ್ಲಿ. ಇದನ್ನು ಅದಲುಬದಲು ಮಾಡಿದರೆ 203ನೇ ವಾರ್ಡನ್ನು ಹುಡುಕುತ್ತಾ ಕೂರುತ್ತೀರಿ.

ಕಂಟ್ರೋಲರ್ ಎಲ್ಲಿರಬೇಕು?

ರೌಟ್ ಒಳಗೆ ರೌಟ್ ಇದೆಯಲ್ಲ ಎಂದು ಕಂಟ್ರೋಲರ್ಸ್ ಫೋಲ್ಡರ್‌ನೊಳಗೆ ವಾರ್ಡ್ಸ್ ಎಂಬ ಇನ್ನೊಂದು ಫೋಲ್ಡರ್ ಮಾಡಿ ಫೈಲನ್ನು ಅಲ್ಲಿಡುವವರಿದ್ದಾರೆ. ಬೇಡ. ಮೇಲಿನ ಮೂರು ಸಾಲು ವಿಳಾಸವನ್ನಷ್ಟೇ ಒಳಗೆ ತಳ್ಳುತ್ತವೆ. ರೈಲ್ಸ್ ಹುಡುಕುವುದು ಸಾದಾ ಕಂಪ್ಲೇಂಟ್ಸ್‌ಕಂಟ್ರೋಲರ್‌ ಅನ್ನೇ. ಸಿಗದಿದ್ದರೆ 'ಅನ್‌ಇನಿಷಿಯಲೈಸ್ಡ್ ಕಾನ್‌ಸ್ಟಂಟ್' ಎಂಬ ಎರರ್ ಕೊಡುತ್ತದೆ. ಪ್ರತ್ಯೇಕ ಫೋಲ್ಡರ್ ಬೇಕೇ ಬೇಕೆಂದರೆ ಒಳಗಿನ ಸಾಲಿಗೆ 'ಮಾಡ್ಯೂಲ್: :ವಾರ್ಡ್ಸ್' ಸೇರಿಸಿ. ಸಿಬ್ಬಂದಿಯ ಪುಟಗಳಿಗೆ 'ನೇಮ್‌ಸ್ಪೇಸ್ :ಅಡ್ಮಿನ್' ಬಳಸಿದಾಗ ಮಾತ್ರ ವಿಳಾಸ, ಫೋಲ್ಡರ್, ಕ್ಲಾಸ್ ಹೆಸರು ಮೂರೂ ಒಟ್ಟಿಗೆ ಬದಲಾಗುತ್ತವೆ.

ಅತಿ ಮುಖ್ಯವಾದ ಒಂದು ಸಾಲು

ಶೋ ಆ್ಯಕ್ಷನ್‌ನಲ್ಲಿ ಹಲವರು 'ಕಂಪ್ಲೇಂಟ್.ಫೈಂಡ್(ಪ್ಯಾರಮ್ಸ್[:ಐಡಿ])' ಎಂದು ಬರೆದು ಮುಂದೆ ಹೋಗುತ್ತಾರೆ. ಪುಟ ಸರಿಯಾಗಿಯೇ ಕಾಣುತ್ತದೆ. ಈಗ ವಿಳಾಸದಲ್ಲಿ 14 ಅಳಿಸಿ 15 ಎಂದು ಹಾಕಿ ನೋಡಿ. ಅದೇ 203ನೇ ದೂರು 15ನೇ ವಾರ್ಡಿನದೆಂಬಂತೆ ತೆರೆದುಕೊಳ್ಳುತ್ತದೆ, ಏಕೆಂದರೆ ವಾರ್ಡ್ ಸಂಖ್ಯೆಯನ್ನು ಯಾರೂ ಕೇಳಿಯೇ ಇಲ್ಲ. ವಿಳಾಸ ಬರೆಯುವುದು ಬಳಕೆದಾರ. ಅವನು ಏನು ಬೇಕಾದರೂ ಬರೆಯಬಹುದು. ದೂರು ಆ ವಾರ್ಡಿಗೆ ಸೇರಿದ್ದೇ ಎಂದು ಡೇಟಾಬೇಸನ್ನೇ ಕೇಳಬೇಕು:

@ವಾರ್ಡ್ = ವಾರ್ಡ್.ಫೈಂಡ್(ಪ್ಯಾರಮ್ಸ್[:ವಾರ್ಡ್_ಐಡಿ])
@ಕಂಪ್ಲೇಂಟ್ = @ವಾರ್ಡ್.ಕಂಪ್ಲೇಂಟ್ಸ್.ಫೈಂಡ್(ಪ್ಯಾರಮ್ಸ್[:ಐಡಿ])

ಈಗ ತಪ್ಪು ಜೋಡಿ ಕೊಟ್ಟವರಿಗೆ 404, ಅಂದರೆ 'ನಾಟ್ ಫೌಂಡ್', ಸಿಗುತ್ತದೆ. ಆದರೆ ಇದು ಜೋಡಿ ಸರಿಯೇ ಎಂಬ ಪರೀಕ್ಷೆ ಮಾತ್ರ. ಲಾಗಿನ್ ಆದವರಿಗೆ ಆ ವಾರ್ಡನ್ನು ನೋಡುವ ಹಕ್ಕಿದೆಯೇ ಎಂಬುದನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಲಿಂಕ್ ಕೊಡುವಾಗ 'ವಾರ್ಡ್_ಕಂಪ್ಲೇಂಟ್_ಪಾತ್(@ವಾರ್ಡ್, @ಕಂಪ್ಲೇಂಟ್)' ಎಂದು ಎರಡನ್ನೂ, ಇದೇ ಕ್ರಮದಲ್ಲಿ ಕೊಡಿ. ದೂರನ್ನಷ್ಟೇ ಕೊಟ್ಟರೆ ವಾರ್ಡಿನ ಪಟ್ಟಿ ಪುಟದಲ್ಲಿ ಲಿಂಕ್ ಸರಿಯಾಗಿಯೇ ಮೂಡೀತು, ಏಕೆಂದರೆ ವಾರ್ಡ್ ಸಂಖ್ಯೆ ಆಗ ತೆರೆದಿರುವ ವಿಳಾಸದಿಂದಲೇ ಸಿಗುತ್ತದೆ. ಅದೇ ಸಾಲನ್ನು ಮುಖಪುಟದಲ್ಲಿ ಹಾಕಿದ ದಿನ 'ಮಿಸ್ಸಿಂಗ್ ರಿಕ್ವೈರ್ಡ್ ಕೀಸ್' ಎಂದು ಮುರಿದುಬೀಳುತ್ತದೆ.

ಬಾಕಿ ದೂರುಗಳಿಗೆಂದು '/ವಾರ್ಡ್ಸ್/14/ಕಂಪ್ಲೇಂಟ್ಸ್/ಪೆಂಡಿಂಗ್' ಪುಟ ಬೇಕೆಂದರೆ ಕಂಪ್ಲೇಂಟ್ಸ್ ಸಾಲಿಗೂ 'ಡೂ', 'ಎಂಡ್' ಸೇರಿಸಿ, ಆ ಬ್ಲಾಕ್‌ನೊಳಗೆ 'ಗೆಟ್ :ಪೆಂಡಿಂಗ್, ಆನ್: :ಕಲೆಕ್ಷನ್' ಎಂದು ಬರೆಯಿರಿ. ಇದನ್ನೇ ಬಿಡಿ ಸಾಲಾಗಿ ಫೈಲಿನ ಕೆಳಗೆ ಬರೆದರೆ ಶೋ ಆ್ಯಕ್ಷನ್ ಅದನ್ನು ನುಂಗಿಬಿಡುತ್ತದೆ. ರೈಲ್ಸ್ ಮೇಲಿನಿಂದ ಕೆಳಕ್ಕೆ ಓದಿ ಮೊದಲು ಹೊಂದಿದ ರೌಟನ್ನೇ ಹಿಡಿಯುತ್ತದೆ. 'ಪೆಂಡಿಂಗ್' ಅದಕ್ಕೆ ಒಂದು ಐಡಿಯಂತೆ ಕಾಣುತ್ತದೆ.

ಎಷ್ಟು ಆಳ?

ದೂರಿಗೆ ಫೋಟೋ ಸೇರಿಸುವ ಹೊತ್ತಿಗೆ ವಿಳಾಸ '/ವಾರ್ಡ್ಸ್/14/ಕಂಪ್ಲೇಂಟ್ಸ್/203/ಫೋಟೋಸ್/9' ಎಂದು ಬೆಳೆದಿರುತ್ತದೆ. ಪ್ರತಿ ಲಿಂಕ್‌ಗೂ ಮೂರು ವಸ್ತು ಹೊತ್ತು ತಿರುಗಬೇಕು. ಒಂದಕ್ಕಿಂತ ಹೆಚ್ಚು ಮಟ್ಟ ಒಳಗೆ ಹೋಗಬೇಡಿ ಎಂದು ರೈಲ್ಸ್‌ನ ಅಧಿಕೃತ ಮಾರ್ಗದರ್ಶಿಯೇ ಹೇಳುತ್ತದೆ, ಅದನ್ನು ಪಾಲಿಸುವುದೇ ಒಳ್ಳೆಯದು. ದಾರಿ ಇದು: ಫೋಟೋಸ್ ಅನ್ನು ಕಂಪ್ಲೇಂಟ್ಸ್ ಬ್ಲಾಕ್‌ನೊಳಗೇ ಬರೆದು, ವಾರ್ಡ್ಸ್ ಸಾಲಿಗೆ 'ಶ್ಯಾಲೋ: ಟ್ರೂ' ಸೇರಿಸಿ. ಇಂಡೆಕ್ಸ್, ನ್ಯೂ, ಕ್ರಿಯೇಟ್ ಮೂರಕ್ಕೆ ಮೇಲಿನ ಮಟ್ಟದ (ವಾರ್ಡಿನ ಅಥವಾ ದೂರಿನ) ಸಂಖ್ಯೆ ಬೇಕು, ಅವು ಒಳಗೇ ಉಳಿಯುತ್ತವೆ. ಮಿಕ್ಕ ನಾಲ್ಕಕ್ಕೆ '/ಕಂಪ್ಲೇಂಟ್ಸ್/203', '/ಫೋಟೋಸ್/9' ಸಾಕು.

ಹೀಗೆ ಮಾಡಿದ ಕೂಡಲೇ ಮೂರು ಕಡೆ ಕೈಯಾಡಿಸಬೇಕು. ಶೋ, ಎಡಿಟ್‌ಗಳಿಗೆ ಈಗ 'ವಾರ್ಡ್_ಐಡಿ' ಬರುವುದಿಲ್ಲ. ಆದ್ದರಿಂದ ವಾರ್ಡ್ ಹುಡುಕುವ 'ಬಿಫೋರ್_ಆ್ಯಕ್ಷನ್' (ಆ್ಯಕ್ಷನ್‌ಗೆ ಮೊದಲು ಓಡುವ ಕೋಡ್) ಅನ್ನು ಇಂಡೆಕ್ಸ್, ನ್ಯೂ, ಕ್ರಿಯೇಟ್‌ಗೆ ಮಾತ್ರ ಸೀಮಿತಗೊಳಿಸಿ, ಉಳಿದೆಡೆ ದೂರನ್ನು ಅದರ ಐಡಿಯಿಂದಲೇ ಹುಡುಕಿ '@ಕಂಪ್ಲೇಂಟ್.ವಾರ್ಡ್' ಬಳಸಿ. ಎರಡನೆಯದು ಫಾರ್ಮ್. ಹೊಸ ದೂರಿಗೆ 'ಫಾರ್ಮ್_ವಿತ್' ಸಾಲಿನಲ್ಲಿ 'ಮಾಡೆಲ್: [@ವಾರ್ಡ್, @ಕಂಪ್ಲೇಂಟ್]' ಸರಿ. ತಿದ್ದುವ ಫಾರ್ಮ್‌ಗೂ ಅದನ್ನೇ ಬಿಟ್ಟರೆ, ಶ್ಯಾಲೋ ಬಂದ ಮೇಲೆ ಇಲ್ಲವಾದ 'ವಾರ್ಡ್_ಕಂಪ್ಲೇಂಟ್_ಪಾತ್' ಅನ್ನು ಹುಡುಕಿ ಎರರ್ ಎಸೆಯುತ್ತದೆ. ಅಲ್ಲಿ 'ಮಾಡೆಲ್: @ಕಂಪ್ಲೇಂಟ್' ಅಷ್ಟೇ ಇರಲಿ. ಮೂರನೆಯದು ಲಿಂಕ್: ಅಲ್ಲೂ 'ಕಂಪ್ಲೇಂಟ್_ಪಾತ್(@ಕಂಪ್ಲೇಂಟ್)' ಎಂದು ಬದಲಿಸಿ. ವಿಳಾಸದಲ್ಲಿ ವಾರ್ಡ್ ಇಲ್ಲವಾದ್ದರಿಂದ ಹಕ್ಕಿನ ಪರಿಶೀಲನೆ ಮೊದಲಿಗಿಂತಲೂ ಅಗತ್ಯ.

ಶ್ಯಾಲೋ ಬಳಸದವರು ಒಂದು ಟೆಸ್ಟ್ ಬರೆದಿಡಿ: 15ನೇ ವಾರ್ಡಿನ ಹೆಸರಿನಲ್ಲಿ 14ನೇ ವಾರ್ಡಿನ ದೂರನ್ನು ಕೇಳಿ. ರೈಲ್ಸ್ 7.1 ಮತ್ತು ಅದರ ನಂತರ ಆರಂಭಿಸಿದ ಪ್ರಾಜೆಕ್ಟ್‌ಗಳಲ್ಲಿ ಉತ್ತರ 'ನಾಟ್ ಫೌಂಡ್' ಎಂದು ಬರಬೇಕು. ಹಳೆಯವುಗಳಲ್ಲಿ 'ರೆಕಾರ್ಡ್‌ನಾಟ್‌ಫೌಂಡ್' ಎರರ್ ಏಳುತ್ತದೆಯೇ ಎಂದು ನೋಡಬೇಕು. ಸಡಿಲವಾದ ಹಳೆಯ ಫೈಂಡ್ ಸಾಲನ್ನು ಒಮ್ಮೆ ಮರಳಿ ಹಾಕಿ ಟೆಸ್ಟ್ ಓಡಿಸಿ. ಆಗ ಅದು ಫೇಲಾದರೆ ಟೆಸ್ಟ್ ತನ್ನ ಕೆಲಸ ಮಾಡುತ್ತಿದೆ.