ಚೊಗರಿನ ಬಣ್ಣ

ಶಿವಮೊಗ್ಗದಲ್ಲಿ ನನ್ನದೊಂದು ಪುಟ್ಟ ಟ್ಯಾಟೂ ಅಂಗಡಿ. ಬರುವವರಲ್ಲಿ ಕಾಲೇಜು ಹುಡುಗರೇ ಜಾಸ್ತಿ. ತೋಳಿಗೆ ಅಮ್ಮನ ಹೆಸರು, ಭುಜಕ್ಕೆ ತ್ರಿಶೂಲ. ಮೊಲೆತೊಟ್ಟಿನ ಹಚ್ಚೆ ಹಾಕಲು ನಾನು ಕಲಿತದ್ದು ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕನಿಗಾಗಿ.

ಕ್ಯಾನ್ಸರ್ ಅಂತ ಅವರ ಎಡ ಸ್ತನ ತೆಗೆದು, ಹೊಟ್ಟೆಯ ಚರ್ಮ, ಕೊಬ್ಬು ತಂದು ಹೊಸದಾಗಿ ಕಟ್ಟಿದ್ದರು. ಆಕಾರ ಚೆನ್ನಾಗಿಯೇ ಇತ್ತು. ತೊಟ್ಟು ಇರಲಿಲ್ಲ. "ಸ್ನಾನ ಮಾಡುವಾಗ ಕಣ್ಣು ಅಲ್ಲಿಗೇ ಹೋಗ್ತದೆ ಮಾರಾಯ್ತಿ, ಬೊಟ್ಟಿಡದ ಹಣೆ ನೋಡಿದಂಗೆ" ಅಂದರು.

ತಕ್ಷಣ ಒಪ್ಪಲಿಲ್ಲ. ಸುಟ್ಟ ಕಲೆ ಮುಚ್ಚುವ ಹಚ್ಚೆ ಹಾಕಿದ್ದೆ, ಆದರೆ ಇದು ಬೇರೆ. ಎರಡು ತಿಂಗಳು ಸಿಲಿಕೋನ್ ಹಾಳೆಯ ಮೇಲೆ ತೊಟ್ಟು ಬರೆದೆ. ಅಷ್ಟರಲ್ಲಿ ಅವರು ಡಾಕ್ಟರ ಬಳಿ ಹೋಗಿ ಒಪ್ಪಿಗೆ ಚೀಟಿ ತಂದರು. ಅದಿಲ್ಲದೆ ಸೂಜಿ ಮುಟ್ಟಬಾರದು. ಆಪರೇಷನ್ ಆಗಿ ಮೂರ್ನಾಲ್ಕು ತಿಂಗಳಾದರೂ ಕಳೆದು ಗಾಯದ ಗೆರೆ ಮೆತ್ತಗಾಗಿರಬೇಕು. ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟ ಚರ್ಮವಾದರೆ ಇನ್ನೂ ಜಾಸ್ತಿ ಕಾಯಬೇಕು, ಅದು ತೆಳ್ಳಗಾಗಿರುತ್ತದೆ.

ಬಣ್ಣದ್ದೇ ದೊಡ್ಡ ತಲೆನೋವಾಯಿತು. ಸಿದ್ಧವಾಗಿ ಸಿಗುವ ಬಣ್ಣಗಳಲ್ಲಿ ಗುಲಾಬಿಯೇ ಹೆಚ್ಚು. ನಮ್ಮ ಮೈಬಣ್ಣಕ್ಕೆ ಹಚ್ಚಿದರೆ ಲಿಪ್‌ಸ್ಟಿಕ್ ಬಳಿದಂತೆ ಕಾಣುತ್ತದೆ. ಅವರ ಬಲಗಡೆಯದನ್ನು ನೋಡುತ್ತಾ ಕಂದು, ಕೆಂಪು, ಚೂರು ಹಳದಿ ಬೆರೆಸುತ್ತಾ ಕೂತಿದ್ದೆ. ಅಕ್ಕ ಬಟ್ಟಲಿಗೆ ಇಣುಕಿ, "ಚೊಗರು ಮಾಡ್ತಾ ಇದೀಯಲ್ಲ!" ಅಂದರು. ಹೌದು, ಅಡಿಕೆ ಬೇಯಿಸಿದಾಗ ಉಳಿಯುವ, ಬೇಯಿಸಿದಷ್ಟೂ ಗಟ್ಟಿಯಾಗುವ ಕೆಂಗಂದು ರಸ, ಆ ಚೊಗರಿನ ಬಣ್ಣವೇ ಅದು. ಒಂದು ಚುಕ್ಕೆ ಪಕ್ಕದಲ್ಲಿ ಹಾಕಿ, ತುರಿಕೆ ಬರುತ್ತಾ ನೋಡಲು ಕೆಲವು ವಾರ ಬಿಟ್ಟೆ.

ಹಚ್ಚೆಯ ದಿನ ಆಗಸ್ಟಿನ ಜಡಿಮಳೆ. ಬಸ್ಸಿಳಿದು ನೆನೆದುಕೊಂಡೇ ಬಂದಿದ್ದರು. ಬಲಗಡೆ ತೊಟ್ಟಿನ ಸುತ್ತಲಿನ ಕಪ್ಪು ವೃತ್ತ ಅಳೆದೆ, ಮೂರೂವರೆ ಸೆಂಟಿಮೀಟರ್. ಎಡಕ್ಕೆ ಪೆನ್ನಿನಲ್ಲಿ ಅಷ್ಟೇ ಬರೆದೆ. ಶಾಲು ಹೊದ್ದು ಕಾಫಿ ಕುಡಿದರು. ಅರ್ಧ ಗಂಟೆ ಬಿಟ್ಟು ಸುಮ್ನೆ ಇನ್ನೊಮ್ಮೆ ಅಳೆದರೆ ನಾಲ್ಕೂ ದಾಟಿದೆ! ಚಳಿಗೆ ಕುಗ್ಗುತ್ತದೆ ಅಂತ ನನಗೆ ನೆನಪಾಗಬೇಡವೇ, ನಾನೂ ಹೆಂಗಸೇ ಅಲ್ವಾ? ಅಳಿಸಿ ಮತ್ತೆ ಬರೆದೆ, ಈ ಸಲ ಅವರನ್ನು ಕನ್ನಡಿ ಮುಂದೆ ನಿಲ್ಲಿಸಿಕೊಂಡು. ಮಲಗಿದಾಗ ಗುರುತು ಹಾಕಿದರೆ ಎದ್ದು ನಿಂತಾಗ ಜಾಗ ಜಾರಿರುತ್ತದೆ. ಎಲ್ಲಿ ಬರಬೇಕೆಂದು ಕೊನೆಗೆ ಬೆರಳಿಟ್ಟು ತೋರಿಸಿದ್ದು ಅವರೇ.

ಸೂಜಿ ಆಡಿಸುವುದಕ್ಕೆ ಒಂದೂವರೆ ತಾಸು ಹಿಡಿಯಿತು. "ಎಂತ, ಶುರು ಮಾಡಿದ್ಯಾ?" ಅಂತ ಎರಡು ಸಲ ಕೇಳಿದರು. ಆ ಚರ್ಮಕ್ಕೆ ಸ್ಪರ್ಶವೇ ಇರಲಿಲ್ಲ. ಕೆಲಸಕ್ಕೆ ಅನುಕೂಲ ಅನ್ನಿಸುತ್ತದೆ, ಆದರೆ ಅಪಾಯವೂ ಅದೇ. ಸೂಜಿ ಆಳಕ್ಕೆ ಹೋದರೆ "ಅಯ್ಯೋ" ಅನ್ನುವವರಿಲ್ಲ. ಕೈಯೇ ತಿಳಿದು ನಿಲ್ಲಬೇಕು. ಉಬ್ಬಿದಂತೆ ಕಾಣಿಸುವುದು ನೆರಳಿನ ಆಟ. ಬೆಳಕು ಮೇಲಿಂದ ಬೀಳುತ್ತದೆ ಅಂದುಕೊಂಡು ತೊಟ್ಟಿನ ಕೆಳಗೆ ಗಾಢ ನೆರಳು, ಅದರ ತುದಿಯ ಮೇಲೆ ತಿಳಿ ಚುಕ್ಕೆ. ವೃತ್ತದ ಅಂಚನ್ನು ಗೆರೆ ಎಳೆದಂತೆ ಬಿಡದೆ ಚದುರಿಸಿದೆ. ಒಳಗೆ ಸಾಸಿವೆಯಷ್ಟು ಗುಳ್ಳೆಗಳನ್ನೂ ಬರೆದೆ. ಅವಿಲ್ಲದಿದ್ದರೆ ಸ್ಟಿಕರ್ ಅಂಟಿಸಿದ ಹಾಗಿರುತ್ತದೆ.

ಆಮೇಲಿನ ಆರೈಕೆಯನ್ನು ಮಲೆನಾಡಿಗೆ ತಕ್ಕಂತೆ ಹೇಳಿದೆ. ಹಂಡೆಯ ಸುಡುನೀರು ನೇರ ಸುರಿದುಕೊಳ್ಳಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಗಾಯ ಮಾಯುವವರೆಗೆ ಹೊಳೆಗೆ ಇಳಿಯಬೇಡಿ. ತೇವದ ಒಳಬಟ್ಟೆ ಬೇಡವೇ ಬೇಡ. "ಈ ಮಳೇಲಿ ಒಣಗೋದೆಲ್ಲಿ?" ಅಂದರು. ಬಚ್ಚಲೊಲೆಯ ಮೇಲೆ ಒಣಗಿಸಿ, ಹೊಗೆ ವಾಸನೆ ಬಂದರೆ ಬರಲಿ ಅಂದೆ.

ಅಡಿಕೆ ಕೊನೆ ಕೊಯ್ಲು ಶುರುವಾಗುವ ಹೊತ್ತಿಗೆ ಮತ್ತೆ ಬಂದರು. ಹಕ್ಕಳೆ ಉದುರಿ ಬಣ್ಣ ತಿಳಿಯಾಗಿತ್ತು. ಗಾಯದ ಗೆರೆ ಹಾದ ಕಡೆ ಹಿಡಿದೇ ಇರಲಿಲ್ಲ. ಗೆರೆಯದ್ದು ಮೊದಲೇ ನಿರೀಕ್ಷಿಸಿದ್ದೆ. ಬಣ್ಣದ್ದು ಮಾತ್ರ ನನ್ನ ಪುಕ್ಕಲುತನ. ಮಾಸುತ್ತದೆಂದು ಗೊತ್ತಿದ್ದೂ ಗಾಢ ಹಾಕಲು ಧೈರ್ಯ ಬಂದಿರಲಿಲ್ಲ. ಹೇಳಿಕೊಂಡೆ. ಅಕ್ಕ ನಕ್ಕು ಸೆರಗು ಸರಿಸಿ ಕೂತರು.

"ಅದು ಮೊದಲ ಚೊಗರಾಯ್ತು. ಈಗ ಗಟ್ಟಿದು ಹಾಕು."