ಕೋಬೆಯಲ್ಲಿ ಪಾಠ, ಹೊಟ್ಟೆಯಲ್ಲಿ ಕೂಸು

"ಮೂರು ತಿಂಗಳು ತುಂಬೋವರೆಗೂ ಯಾರಿಗೂ ಹೇಳ್ಬೇಡ ಕಣೇ" ಅಂತ ಅಮ್ಮ ಫೋನಲ್ಲಿ ಎರಡೆರಡು ಸಲ ಹೇಳಿದ್ದರು. ನಾನು ಎಂಟನೇ ವಾರಕ್ಕೇ ಶಾಲೆಯಲ್ಲಿ ಹೇಳಿಬಿಟ್ಟೆ. ಜಪಾನಿನ ಕೋಬೆ ನಗರದ ಒಂದು ಜೂನಿಯರ್ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಧ್ಯಾಹ್ನ ತರಗತಿಯಲ್ಲೇ ಮಕ್ಕಳ ಜೊತೆ ಊಟ. ನನ್ನ ಡಬ್ಬಿಯಲ್ಲಿ ಮೊಸರನ್ನವೇ ಇದ್ದರೂ ಪಕ್ಕದ ತಟ್ಟೆಯ ಮೀನಿನ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ಎಷ್ಟು ದಿನ ಅಂತ ಮುಚ್ಚಿಡೋದು?

ಕ್ಯೋತೋ ಸೆನ್ಸೇ, ಅಂದರೆ ವೈಸ್ ಪ್ರಿನ್ಸಿಪಾಲರು, ಶುಭಾಶಯ ಹೇಳಿದ ಕೂಡಲೇ ಹೆರಿಗೆ ದಿನಾಂಕ ಕೇಳಿ ಬರೆದುಕೊಂಡರು. ಆಗ ನನಗೆ ತುಸು ಬೇಜಾರಾಯಿತು. ವಾರದೊಳಗೆ ನನ್ನ ಮೂರನೇ ಮಹಡಿಯ ಪಾಠಗಳೆಲ್ಲ ಕೆಳಗೆ ಬಂದಿದ್ದವು. ಅವರು ಕಾಳಜಿ ತೋರಿಸುವ ರೀತಿ ಅದು.

ಇನ್ನೊಂದು ವಿಷಯ ನಾನಾಗಿ ಕೇಳಿದ್ದಕ್ಕೇ ಸಿಕ್ಕಿತು. ಕೆಲಸ ಕಡಿಮೆ ಮಾಡಬೇಕು, ರಶ್ ಇರುವ ರೈಲಲ್ಲಿ ಓಡಾಡಬಾರದು ಅಂತೆಲ್ಲ ಡಾಕ್ಟರ್ ತುಂಬಿಕೊಡುವ ಒಂದು ಕಾರ್ಡ್ ಇದೆ. ಅದನ್ನು ಕೊಟ್ಟರೆ ಕೆಲಸ ಕೊಟ್ಟವರು ಅದರಂತೆ ನಡೆಯಲೇಬೇಕು. ದಯವಿಟ್ಟು ಕೇಳಿ ಪಡೆಯಿರಿ. ಹೆರಿಗೆಗೆ ಮುಂಚಿನ 6 ವಾರದ ರಜೆಯೂ ನಾವು ಕೇಳಿದರೆ ಮಾತ್ರ. ಹೆರಿಗೆ ಆದಮೇಲಿನ 8 ವಾರ ಕೇಳದಿದ್ದರೂ ಕಾನೂನೇ ಕೊಡುತ್ತದೆ.

ವಾರ್ಡ್ ಆಫೀಸಿನಲ್ಲಿ ಬಸುರು ಅಂತ ನೋಂದಾಯಿಸಿದ ದಿನ 'ಬೋಶಿ ತೆಚೋ' ಕೊಟ್ಟರು. ತಾಯಿ ಮಗುವಿನ ಪುಸ್ತಕ. 1948ರಿಂದ ಇರುವ ಪದ್ಧತಿ. ನನ್ನ ಬಿಪಿಯಿಂದ ಹಿಡಿದು ಮಗುವಿನ ಲಸಿಕೆವರೆಗೆ ಎಲ್ಲ ಅದರಲ್ಲೇ. ಜೊತೆಗೆ ತಪಾಸಣೆಯ ಕೂಪನ್‌ಗಳು, ಬ್ಯಾಗಿಗೆ ಸಿಕ್ಕಿಸಲು 'ಹೊಟ್ಟೆಯಲ್ಲಿ ಮಗು ಇದೆ' ಅನ್ನುವ ಗುಲಾಬಿ ಬಿಲ್ಲೆ.

ತಿಂಗಳ ಲೆಕ್ಕವೇ ಬೇರೆ. ಇಲ್ಲಿ 4 ವಾರಕ್ಕೊಂದು ತಿಂಗಳು, ಒಟ್ಟು 10 ತಿಂಗಳು. ನಾನು ಐದು ಅಂದರೆ ಅಮ್ಮ "ಇನ್ನೂ ನಾಲ್ಕು ತುಂಬಿಲ್ವಲ್ಲೇ" ಅನ್ನೋರು. ಆ ಐದನೇ ತಿಂಗಳ 'ನಾಯಿ ದಿನ', ಅಂದರೆ ಇಲ್ಲಿನ ಹಳೇ ಪಂಚಾಂಗದಲ್ಲಿ ನಾಯಿಯ ಹೆಸರಿರುವ ದಿನ, ಸಹೋದ್ಯೋಗಿಯೊಬ್ಬರು ತಕರಾಜುಕಾದ ನಕಾಯಾಮಾದೇರಾ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ನಾಯಿಗೆ ಹೆರಿಗೆ ಸಲೀಸು ಅನ್ನೋ ನಂಬಿಕೆ. ಹೊಟ್ಟೆಗೆ ಸುತ್ತುವ ಬಿಳಿ ಹತ್ತಿ ಬಟ್ಟೆ ತಂದೆವು. ಸುಖವಾಗಿ ಹೆತ್ತಮೇಲೆ ಹೊಸ ಬಟ್ಟೆ ಜೊತೆ ವಾಪಸ್ ಒಪ್ಪಿಸಬೇಕು. ಸೀಮಂತ ಇಲ್ಲದ ಕೊರಗು ಅವತ್ತು ಅರ್ಧ ಕಳೆಯಿತು.

ಸ್ಕ್ಯಾನ್ ಮಾಡುತ್ತಾ ಡಾಕ್ಟರ್ ಸಹಜವಾಗಿ "ಹೆಣ್ಣು ಮಗು" ಅಂದಾಗ ಮಾತ್ರ ಮೈ ಝುಂ ಅಂತು. ನಮ್ಮ ದೇಶದಲ್ಲಿ ಅದನ್ನು ಹೇಳೋದೇ ಅಪರಾಧ, ಯಾಕೆ ಅಂತ ನಮಗೆಲ್ಲ ಗೊತ್ತು. ಇಲ್ಲಿ ನರ್ಸ್ ಚಪ್ಪಾಳೆ ತಟ್ಟಿದರು, ನಾನು ಅತ್ತೆ.

ಹೆರಿಗೆಗೆ ಸೇರುವ ಆಸ್ಪತ್ರೆಯಲ್ಲಿ ಊಟದ ವಿಷಯ ಮೊದಲೇ ಮಾತಾಡಿಕೊಳ್ಳಿ. ಮಿಸೋ ಸಾರಿಗೂ ಸಾಮಾನ್ಯವಾಗಿ ಮೀನಿನ ದಾಶಿ, ಅಂದರೆ ಕುದಿಸಿ ಬಸಿದ ಕಟ್ಟು, ಹಾಕುತ್ತಾರೆ. 'ಮಾಂಸ, ಮೀನು, ದಾಶಿ ಬೇಡ' ಅಂತ ಜಪಾನೀಸಿನಲ್ಲಿ ಬರೆದು ಕೊಟ್ಟಿದ್ದೆ. ಆದರೂ ಮೊದಲ ದಿನ ಬಂದದ್ದು ಮೀನೇ. ಅಮ್ಮ 90 ದಿನದ ವೀಸಾದಲ್ಲಿ ಬಂದಿದ್ದರಿಂದ ಬಚಾವಾದೆ, ಮೆಂತ್ಯದ ಗಂಜಿ ಫ್ಲಾಸ್ಕಿನಲ್ಲಿ ಬರುತ್ತಿತ್ತು. ಕಾಗದಪತ್ರವನ್ನೆಲ್ಲ ನನ್ನವರು ನೋಡಿಕೊಂಡರು. ಜನನ ನೋಂದಣಿ 14 ದಿನದೊಳಗೆ, ಮಗುವಿನ ವೀಸಾ ಅರ್ಜಿ 30 ದಿನದೊಳಗೆ ಆಗಬೇಕು.

ಮನೆಗೆ ಹೊರಡುವಾಗ ನರ್ಸ್ ಒಂದು ಪುಟ್ಟ ಮರದ ಡಬ್ಬಿ ಕೊಟ್ಟರು. ಒಳಗೆ ಹತ್ತಿಯ ಮೇಲೆ ಒಣಗಿದ ಹೊಕ್ಕುಳಬಳ್ಳಿ. ನಾನು ವಿವರಿಸಬೇಕು ಅನ್ನುವಷ್ಟರಲ್ಲಿ ಅಮ್ಮ ಡಬ್ಬಿ ಮುಚ್ಚಿ ಸೆರಗಿನಲ್ಲಿ ಸುತ್ತಿಕೊಂಡರು. "ನಿಂದು ತಾಯತದಲ್ಲಿದೆ, ಬೀರುವಿನಲ್ಲಿ" ಅಂದರು.