ತೋಟದ ಪಂಪಿಗೆ ಎಂಟು ಸಾಲಿನ ಟೇಬಲ್

ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕೆಳಗಿನ ಕೆರೆಗೆ ಬೀಳುತ್ತದೆ. ಅಲ್ಲಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ಪಂಪ್ ಮಾಡುತ್ತೇವೆ. ಆ ಪಂಪಿಗೆ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ವೈರಿಂಗ್ ಮಾಡಲು ಟ್ರೂತ್ ಟೇಬಲ್, ಅಂದರೆ ಯಾವ ಸ್ಥಿತಿಗೆ ಯಾವ ಉತ್ತರ ಎನ್ನುವ ಪಟ್ಟಿ ಬರೆದು, ಅದನ್ನು ಡಿಎನ್‌ಎಫ್ (ಡಿಸ್‌ಜಂಕ್ಟಿವ್ ನಾರ್ಮಲ್ ಫಾರ್ಮ್) ಎಂಬ ರೂಪಕ್ಕೆ ತಂದಿದ್ದೆ.

ಆಟೋದಲ್ಲಿಟ್ಟರೆ ಟ್ಯಾಂಕಿ ಖಾಲಿಯಾದಾಗ ಮಾತ್ರ ಪಂಪ್ ಓಡಬೇಕು. ಆಟೋ ಇಲ್ಲದಿದ್ದರೆ ಕೈ ಸ್ವಿಚ್ ಹೇಳಿದಂತೆ. ಮೊದಲು ಹೀಗೆ ಬರೆದೆ:

(ಆಟೋ ಅಥವಾ ಕೈ) ಮತ್ತು (ಆಟೋ-ಅಲ್ಲ ಅಥವಾ ಖಾಲಿ)

ತಪ್ಪೇನಿಲ್ಲ. ಆದರೆ ಪಂಪ್ ಯಾವಾಗ ಓಡುತ್ತದೆ ಅಂತ ಇದನ್ನು ನೋಡಿ ಥಟ್ಟನೆ ಹೇಳಲಿಕ್ಕಾಗುವುದಿಲ್ಲ, ಅಲ್ವಾ? ಡಿಎನ್‌ಎಫ್‌ನಲ್ಲಿ 'ಮತ್ತು' ಹಾಕಿ ಕಟ್ಟಿದ ಗುಂಪುಗಳನ್ನು 'ಅಥವಾ'ದಿಂದ ಸೇರಿಸುತ್ತೇವೆ. ವೈರಿಂಗಿನಲ್ಲಿ 'ಮತ್ತು' ಅಂದರೆ ಸೀರಿಸ್ (ಒಂದರ ಹಿಂದೆ ಒಂದು), 'ಅಥವಾ' ಅಂದರೆ ಪ್ಯಾರಲಲ್ (ಅಕ್ಕಪಕ್ಕ). ರಿಲೇ ಸರ್ಕ್ಯೂಟಿಗೆ ಹೌದು-ಅಲ್ಲಗಳ ಈ ಬೂಲಿಯನ್ ಲೆಕ್ಕ ಹೊಂದುತ್ತದೆ ಅಂತ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1938ರಲ್ಲೇ ಬರೆದಿದ್ದರು.

ಸಂಗತಿ ಮೂರು, ಒಂದೊಂದೂ ಹೌದು (1) ಅಥವಾ ಅಲ್ಲ (0), ಹಾಗಾಗಿ 8 ಸಾಲು. 000ದಿಂದ 111ರವರೆಗೆ ಎಣಿಕೆಯ ಕ್ರಮದಲ್ಲೇ ಬರೆಯಬೇಕು, ಇಲ್ಲದಿದ್ದರೆ ಒಂದು ಸಾಲು ಬಿಟ್ಟೇ ಹೋಗುತ್ತದೆ. ಆಟೋ, ಕೈ, ಖಾಲಿ ಅಂತ ಇಟ್ಟುಕೊಂಡರೆ 010, 011, 101, 111 ಈ ನಾಲ್ಕಕ್ಕೆ ಉತ್ತರ 1, ಅಂದರೆ ಪಂಪ್ ಓಡಬೇಕು ಅಂತ ಬಂತು.

ನಾನು ಎಡವಿದ್ದು ಇಲ್ಲಿ. 010ಕ್ಕೆ ಸುಮ್ನೆ 'ಕೈ' ಅಂತ ಬರೆದೆ. 1 ಇದ್ದದ್ದನ್ನು ತೆಗೆದುಕೊಂಡು 0 ಇದ್ದದ್ದನ್ನು ಬಿಟ್ಟೆ. ಕೊನೆಗೆ ಬಂದದ್ದು 'ಕೈ ಅಥವಾ (ಆಟೋ ಮತ್ತು ಖಾಲಿ)'. ವೈರಿಂಗೂ ಹಾಗೇ ಮಾಡಿದೆ. ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಬೆಳಗ್ಗೆ ಅಪ್ಪ ಗುಡ್ಡದಿಂದಲೇ ಕೂಗಿದರು: "ಟ್ಯಾಂಕಿ ತುಂಬಿ ಹರೀತಾ ಉಂಟು, ಮೋಟರ್ ನಿಲ್ಲುದಿಲ್ವಾ?"

ಓಡಿ ಹೋಗಿ ನೋಡಿದೆ. ಆಟೋದಲ್ಲಿತ್ತು, ಕೈ ಸ್ವಿಚ್ಚೂ ಆನ್ ಉಳಿದಿತ್ತು. ಅಂದರೆ 110. ಆ ಸಾಲಿಗೆ ಉತ್ತರ 0 ಅಂತ ನಾನೇ ಬರೆದಿದ್ದೆ. ಮಾರ್ಚ್ ತಿಂಗಳು, ಸುರಂಗದ ನೀರು ನೂಲಿನ ಹಾಗೆ ಬರುವ ಸಮಯ. ಅಷ್ಟು ನೀರು ಗುಡ್ಡದಲ್ಲಿ ಇಳಿದು ಹೋದದ್ದು ಕಂಡು ಹೊಟ್ಟೆ ಉರಿಯಿತು.

ಅವತ್ತೇ ಕೂತು 0 ಇದ್ದಲ್ಲೆಲ್ಲ 'ಅಲ್ಲ' ಸೇರಿಸಿ ಬರೆದೆ. 010 ಅಂದರೆ 'ಆಟೋ-ಅಲ್ಲ ಮತ್ತು ಕೈ ಮತ್ತು ಖಾಲಿ-ಅಲ್ಲ'. ಹೀಗೆ ನಾಲ್ಕು ಗುಂಪು. ಮೊದಲ ಎರಡರಲ್ಲಿ ವ್ಯತ್ಯಾಸ ಖಾಲಿಯದ್ದು ಮಾತ್ರ, ಅದು ಬಿಟ್ಟುಹೋಯಿತು. ಕೊನೆಯ ಎರಡರಲ್ಲಿ ಕೈ ಬಿಟ್ಟುಹೋಯಿತು. ಉಳಿದದ್ದು:

(ಆಟೋ-ಅಲ್ಲ ಮತ್ತು ಕೈ) ಅಥವಾ (ಆಟೋ ಮತ್ತು ಖಾಲಿ)

ಈ ಸಲ ಉತ್ತರ 0 ಇರುವ ಸಾಲುಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ, ಮೊದಲಿಗೆ 110. ಪಂಪ್ ಓಡಲಿಲ್ಲ.

ಆಮೇಲೆ ಕೆರೆಗೂ ಒಂದು ಫ್ಲೋಟ್ (ನೀರಿನ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್) ಹಾಕಿದೆ, ನೀರಿಲ್ಲದೆ ಮೋಟರ್ ಓಡಬಾರದಲ್ಲ. ಟೇಬಲ್ 16 ಸಾಲು ಆಯಿತು. ಆದರೆ 1 ಬಂದದ್ದು ಅದೇ ನಾಲ್ಕಕ್ಕೆ, ಒಂದೊಂದರ ಜೊತೆಗೂ 'ಕೆರೆಯಲ್ಲಿ ನೀರಿದೆ' ಅಂತ ಸೇರಿಕೊಂಡು. ಹಾಗಾಗಿ ಆ ಫ್ಲೋಟನ್ನು ಎರಡೂ ಗುಂಪಿನ ಮುಂದೆ ಒಂದೇ ಕಡೆ ಸೀರಿಸ್‌ನಲ್ಲಿ ಕೊಟ್ಟರೆ ಸಾಕಾಯಿತು.